ಎಡಕ್ಕಾ, ಎಡುಕ್ಕವಾ?

ಕಳೆದ ವಾರ ನನ್ನ ಕ್ಲಿನಿಕ್ಕಿಗೆ ಒಂದು ಹಲ್ಲು ಬಂತು. ಬಾಯಲ್ಲಿ ಅಲ್ಲ, ಸೆರಗಿನ ಗಂಟಿನಲ್ಲಿ.

ಕಿತ್ತವಳು ನಾನಲ್ಲ, ಎದುರು ಬೀದಿಯ ಡೆಂಟಿಸ್ಟು. ಕೀಳಬಾರದ ಹಲ್ಲು ಕಿತ್ತಿದ್ದಾನೆ, ಕೇಸು ಹಾಕುತ್ತೇವೆ ಎಂದು ಹಲ್ಲಿನ ಜೊತೆ ಬಂದವರು ಹೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. (ಹಾಗೆ ಆಗಬಾರದು ಅಂತ ಗೊತ್ತು. ಆಯಿತು, ಏನು ಮಾಡಲಿ?)

ಈ ಅಂಕಣ ಓದುವವರಿಗೆ ನನ್ನ ಹೊಟ್ಟೆಕಿಚ್ಚು ಹೊಸದಲ್ಲ. ತಮಿಳುನಾಡಿನ ಈ ಮೆಟ್ಟೂರಿನಲ್ಲಿ ನಾನು ಬೋರ್ಡು ಹಾಕಿ ಎಷ್ಟೋ ವರ್ಷವಾಯಿತು. ಮೆಡಿಕಲ್ ಶಾಪಿನ ಮೇಲಿನ ಮಹಡಿ, ಕಡಿದಾದ ಮೆಟ್ಟಿಲು, ಕಿರುಗುಟ್ಟುವ ಫ್ಯಾನು. ಅವನು ಬಂದಿದ್ದು ಮೊನ್ನೆ ಮೊನ್ನೆ. (ನನಗಿಂತ ಚಿಕ್ಕವನು, 'ಅವನು' ಅಂದರೆ ತಪ್ಪಿಲ್ಲ.) ನೆಲಮಹಡಿ, ಎಸಿ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ಹಲ್ಲುನೋವಿನವರಿಗೆ ಮೀನು ಯಾಕೆ? ನನಗಂತೂ ಅರ್ಥವಾಗಿಲ್ಲ. ಆದರೆ ಕ್ಯೂ ಇರುವುದು ಅಲ್ಲೇ.

ನನ್ನ ಹತ್ತಿರ ಇದ್ದು ಅವನ ಹತ್ತಿರ ಇಲ್ಲದ್ದು ಒಂದೇ. ಕನ್ನಡ. ನಾನು ಸೇಲಂನ ಕನ್ನಡ ಮಾತಾಡುವ ನೇಕಾರರ ಮನೆಯವಳು. ಕೊಳತ್ತೂರು ಕಡೆಯಿಂದ ಕುರಿ ಸಾಕುವ ಕನ್ನಡದವರು ಬಸ್ಸಿಳಿದು, ಏದುಸಿರು ಬಿಡುತ್ತಾ ನನ್ನ ಮೆಟ್ಟಿಲು ಹತ್ತುತ್ತಾರೆಂದರೆ ಅದಕ್ಕೆ ಕಾರಣ ನನ್ನ ಕೈಗುಣ ಅಲ್ಲ, ನನ್ನ ಬಾಯಿ.

ಮಾದಮ್ಮನೂ ಅಂಥವಳೇ. ನನ್ನ ಹಳೆಯ ಪೇಷೆಂಟು. ಹಲ್ಲಿನ ಗಂಟು ಅವಳ ಸೆರಗಿನಲ್ಲಿತ್ತು. ನನ್ನನ್ನು ಬಿಟ್ಟು ಅವನ ಹತ್ತಿರ ಯಾಕೆ ಹೋದೆ ಎಂದು ಕೇಳಿಯೇಬಿಟ್ಟೆ. ಮಂಡಿ ನೋವು, ಮೆಟ್ಟಿಲು ಹತ್ತಲಾಗಲಿಲ್ಲ ಎಂದಳು. ಇವತ್ತು ಹೇಗೆ ಹತ್ತಿದೆ? ಮಗ ಎತ್ತಿಕೊಂಡು ಬಂದನಂತೆ.

ಮಗ ಮಾದೇಶ ಮೆಟ್ಟೂರಿನ ಥರ್ಮಲ್ ಕರೆಂಟು ಸ್ಥಾವರದಲ್ಲಿ ಕಾಂಟ್ರಾಕ್ಟ್ ಕೆಲಸಗಾರ. ಕೋಪದಲ್ಲಿ ಕುದಿಯುತ್ತಿದ್ದ. ಅವ್ವ ನೋವಿಗೆ ಮಾತ್ರೆ ಕೇಳಲು ಹೋಗಿದ್ದಳು, ಅವನು ಹಲ್ಲೇ ಕಿತ್ತುಬಿಟ್ಟ ಎಂದ. ಕನ್ಸ್ಯೂಮರ್ ಕೋರ್ಟಿಗೆ ಹೋಗಬೇಕಾದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬರವಣಿಗೆಯಲ್ಲಿ ಬೇಕು ಎಂದು ಯಾರೋ ವಕೀಲರು ಹೇಳಿದ್ದರಂತೆ. "ನೀವು ಒಂದು ಲೆಟರ್ ಕೊಡಿ ಡಾಕ್ಟ್ರಮ್ಮ. ಆ ಮೀನ್ ತೊಟ್ಟಿ ಮುಚ್ಚಿಸ್ತೀನಿ."

ಮೀನಿನ ತೊಟ್ಟಿ! ಓದುಗರೇ, ನನ್ನ ಪೆನ್ನು ತಾನಾಗಿಯೇ ಕೈಗೆ ಬಂತು.

ಬರೆಯುವ ಮೊದಲು ಎಕ್ಸ್-ರೇ ನೋಡಬೇಕಲ್ಲ. ಮಾದೇಶ ಫೋನಿನಲ್ಲಿ ತೋರಿಸಿದ. ಎಡಗಡೆ ಕೆಳದವಡೆ, ಬೇರಿನ ತನಕ ಹುಳುಕು, ಅಡಿಯಲ್ಲಿ ಕೀವು. ಗಂಟು ಬಿಚ್ಚಿ ಹಲ್ಲು ನೋಡಿದೆ. ಉಳಿಸುವ ಹಲ್ಲಲ್ಲ. ನಾನಾಗಿದ್ದರೂ ಕೀಳುತ್ತಿದ್ದೆ. ನನ್ನ ಸಂತೋಷಕ್ಕೆ ತಣ್ಣೀರು ಎರಚಿದ ಹಾಗಾಯಿತು.

ಕಾಲೇಜಿನಲ್ಲಿ ನಮಗೆ ಕಾನೂನಿನ ಪಾಠ ಅಂತ ಒಂದಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಎಲ್ಲರೂ ನಿದ್ದೆ ಮಾಡುತ್ತಿದ್ದೆವು. ಅರೆನಿದ್ದೆಯಲ್ಲಿ ಕೇಳಿದ್ದು ಇಷ್ಟು: ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿದ ಕ್ಷಣದಿಂದ ನಿನಗೆ ಕರ್ತವ್ಯ ಉಂಟು. ಆ ಕರ್ತವ್ಯದಲ್ಲಿ ನೀನು ತಪ್ಪಿರಬೇಕು, ಆ ತಪ್ಪಿನಿಂದಲೇ ರೋಗಿಗೆ ಹಾನಿಯಾಗಿರಬೇಕು. ಆಗ ಮಾತ್ರ ಅದು ನಿರ್ಲಕ್ಷ್ಯ. ತಪ್ಪಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ? ಊರಿನ ಅತಿ ದೊಡ್ಡ ಡಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿ ಅಲ್ಲ. ಅದೇ ಕೆಲಸ ಬಲ್ಲ ಒಬ್ಬ ಸಾಧಾರಣ ಡಾಕ್ಟರು ಏನು ಮಾಡುತ್ತಿದ್ದ ಎಂದು ಕೇಳಿ. ನೋಡಿ, ಕಾನೂನು ಎಷ್ಟು ದೊಡ್ಡ ಮನಸ್ಸಿನದು! ಎಲ್ಲರಿಗಿಂತ ಮುಂದಿರು ಅಂತ ಅದು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳುವುದು ಹೊಟ್ಟೆಕಿಚ್ಚು ಮಾತ್ರ.

ಆ ಅಳತೆಯಲ್ಲಿ ಅವನು ಪಾಸು. ಬೇಜಾರಿನಿಂದ ಪೆನ್ನು ಕೆಳಗಿಟ್ಟೆ. ಸುಮ್ಮನೆ ಮಾತಿಗೆ, ಕೀಳುವ ಮುಂಚೆ ಅವನು ನಿನ್ನನ್ನು ಏನೂ ಕೇಳಲಿಲ್ಲವಾ ಎಂದು ಮಾದಮ್ಮನನ್ನು ಕೇಳಿದೆ.

"ಕೇಳ್ದ ತಾಯಿ. ಎಡಕ್ಕಾ ಅಂದ. ಊಂ, ಎಡಕ್ಕೇ ಅಂದೆ. ಕಿತ್ತೇಬುಟ್ಟ."

ಆ ಮಾತನ್ನೇ ಎರಡು ಸಲ ಬಾಯಲ್ಲಿ ಹೇಳಿಕೊಂಡೆ. ಆಮೇಲೆ ತಲೆಗೆ ಹೊಳೆಯಿತು. ಅವನು ತಮಿಳಿನವನು. ಮುಖಕ್ಕೆ ಮಾಸ್ಕ್ ಹಾಕಿಕೊಂಡು "ಎಡುಕ್ಕವಾ?" ಅಂದಿದ್ದಾನೆ. ತೆಗೆಯಲಾ ಎಂದು ಅರ್ಥ. ಸಂತೆಯಲ್ಲಿ ಕುರಿಮರಿ ಮಾರುವಷ್ಟು ತಮಿಳು ಮಾದಮ್ಮನಿಗೂ ಬರುತ್ತದೆ. ಆದರೆ ಬಾಯಿ ತುಂಬ ಹತ್ತಿ, ಮನಸ್ಸು ತುಂಬ ಹೆದರಿಕೆ ಇದ್ದಾಗ ಕಿವಿಗೆ ಬೀಳುವುದು ಹುಟ್ಟಿದ ಮನೆಯ ಭಾಷೆಯೇ. ಯಾವ ಕಡೆ ನೋವು, ಎಡಕ್ಕಾ ಎಂದು ಕೇಳುತ್ತಿದ್ದಾನೆ ಅಂದುಕೊಂಡಳು. ಅವನು ಕೊಟ್ಟ ಇಂಜೆಕ್ಷನ್ನೂ ನೋವು ಇಳಿಸಲಿಕ್ಕೇ ಇರಬೇಕು ಎಂದು ಸುಮ್ಮನಿದ್ದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತಾರಲ್ಲ, ಇಲ್ಲಿ ರೋಗಿ ಬಯಸಿದ್ದು ಮಾತ್ರೆ, ವೈದ್ಯ ಹಿಡಿದಿದ್ದು ಇಕ್ಕಳ.

ನನ್ನ ಸಂತೋಷ ವಾಪಸ್ಸು ಬಂತು! ಯಾಕೆಂದರೆ ಆ ಪಾಠದಲ್ಲಿ ಇನ್ನೊಂದು ಮಾತಿತ್ತು. ಚಿಕಿತ್ಸೆ ಸರಿಯಿದ್ದರೆ ಸಾಲದು, ಒಪ್ಪಿಗೆಯೂ ಬೇಕು. ಜೀವ ಹೋಗುವ ತುರ್ತು ಬೇರೆ. ಉಳಿದಂತೆ ರೋಗಿಗೆ ಅರ್ಥವಾಗಿರಬೇಕು, ಆಮೇಲೆ ಒಪ್ಪಿರಬೇಕು. ಅರ್ಥವಾಗದೆ ಹೇಳಿದ 'ಊಂ' ಒಪ್ಪಿಗೆ ಅಲ್ಲ. 'ಒಪ್ಪಿಗೆ ಇಲ್ಲದೆ ಕಿತ್ತಿದ್ದಾರೆ' ಎಂದು ಒಂದೇ ಸಾಲು ಬರೆದರೆ ಸಾಕಿತ್ತು. ಹಲ್ಲು ಕೆಟ್ಟಿತ್ತು ಎಂಬ ಸಾಲು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅವನ ಹೆಸರು ಹಾಳಾಗುತ್ತದೆ, ಕ್ಯೂ ನನ್ನ ಮೆಟ್ಟಿಲಿಗೆ ಬರುತ್ತದೆ.

ನಿನಗೇನು ಬೇಕು ಎಂದು ಮಾದಮ್ಮನನ್ನು ಕೇಳಿದೆ. ಅವಳು ಮಗನ ಕಡೆ ನೋಡಲಿಲ್ಲ. "ಮೊಮ್ಮಗನ ಮದ್ವೆ ಐತೆ ತಾಯಿ. ಮುದ್ದೆಗೆ ಅಲ್ಲು ಬ್ಯಾಡ, ಎಲುಬಿಗೆ ಬೇಕು. ಮದ್ವೆ ಆಗ್ಲಿ, ಆಮ್ಯಾಕೆ ಕಿತ್ಕೊ ಅಂತಿದ್ದೆ. ನನ್ ಅಲ್ಲು, ನನ್ನ ಕೇಳ್ಬೇಕಾಗಿತ್ತು."

ಕೋರ್ಟಿನ ಭಾಷೆಯಲ್ಲಿ ಪುಟಗಟ್ಟಲೆ ಬರೆಯುವುದನ್ನು ಅವಳು ಒಂದು ಉಸಿರಿಗೆ ಹೇಳಿ ಮುಗಿಸಿದಳು. ನನಗೆ ನಾಚಿಕೆಯಾಯಿತು. ಎರಡು ಸಾಲನ್ನೂ ಬರೆದೆ. ಹಲ್ಲು ಕೀಳಬೇಕಾದ ಹಲ್ಲೇ. ಆದರೆ ರೋಗಿಗೆ ತಿಳಿಯುವಂತೆ ಕೇಳಿಲ್ಲ. ಸಹಿ ಹಾಕುವಾಗ ಹೊಟ್ಟೆ ಉರಿಯುತ್ತಲೇ ಇತ್ತು.

ಕೋರ್ಟಿಗೆ ಹೋಗುವ ಮುಂಚೆ ಅವನಿಗೆ ಒಮ್ಮೆ ತೋರಿಸೋಣ ಎಂದು ಮಾದೇಶನನ್ನು ಒಪ್ಪಿಸಿದೆ. ಮೂವರೂ ಎದುರು ಬೀದಿಗೆ ಹೋದೆವು. (ಎಸಿ ನಿಜಕ್ಕೂ ತಂಪಾಗಿದೆ.) ಅವನು ಓದಿದ. ವಾದ ಮಾಡುತ್ತಾನೆ ಅಂದುಕೊಂಡಿದ್ದೆ, ಮಾಡಲಿಲ್ಲ. ಸ್ಟೂಲು ಎಳೆದು ಮಾದಮ್ಮನ ಎದುರು ಕೂತು, ಮಾಸ್ಕ್ ತೆಗೆದು ತಪ್ಪಾಯಿತು ಪಾಟಿ (ಅಜ್ಜಿ) ಎಂದ. ಗಾಯ ಮಾಗಿದ ಮೇಲೆ ತಾನೇ ಕಟ್ಟುಹಲ್ಲು ಕೂರಿಸುತ್ತೇನೆ ಎಂದ. ಮಾದಮ್ಮ ಮಗನ ಕೈಯಿಂದ ನನ್ನ ಲೆಟರು ತೆಗೆದು ಹಲ್ಲಿನ ಜೊತೆ ಗಂಟು ಹಾಕಿಕೊಂಡಳು. ಕೇಸು ಅಲ್ಲಿಗೆ ಮುಗಿಯಿತು.

ಹೊರಡುವಾಗ ಅವನು ನನ್ನನ್ನು ತಡೆದು, ಮೇಡಂ, ಇದನ್ನು ಕನ್ನಡದಲ್ಲಿ ಹೇಗೆ ಕೇಳಬೇಕು ಎಂದ. 'ಕೀಳ್ಲಾ?' ಅನ್ನಿ ಎಂದೆ. ಕೀಳ್ ಅಂದರೆ ಕೆಳಗೆ ಅಲ್ಲವಾ ಎಂದು ಗಾಬರಿಯಾದ. ತಮಿಳಿನಲ್ಲಿ ಹಾಗೇ! ನಗುತ್ತಾ ಬಿಡಿಸಿ ಹೇಳಿದೆ. ಇಷ್ಟು ದಿನ ಕನ್ನಡದವರು ಕೀಳಬೇಡಿ ಅಂದರೆ ಅವನು ಕೆಳದವಡೆ ನೋಡುತ್ತಿದ್ದನೋ ಏನೋ. ಆಮೇಲೆ 'ನೋವೈತಾ', 'ಈವತ್ತೇ ಬೇಕಾ' ಎಂಬುದನ್ನೂ ಕೇಳಿ ಕಲಿತ. ನಾನೂ ದೊಡ್ಡ ಮೇಷ್ಟ್ರಂತೆ ತಿದ್ದಿ ತಿದ್ದಿ ಕಲಿಸಿದೆ.

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಮಾದಮ್ಮ ಸಿಕ್ಕಳು, ಕೊಳತ್ತೂರಿನ ನಾಲ್ಕಾರು ಹೆಂಗಸರ ಜೊತೆ. ಎಲ್ಲರ ಕೈಯೂ ಕೆನ್ನೆಯ ಮೇಲೆ. ಮೆಟ್ಟಿಲು ನಿಧಾನ ಹತ್ತಿ ಬನ್ನಿ, ನಾನು ಮುಂದೆ ಹೋಗಿರುತ್ತೇನೆ ಎಂದೆ.

"ಇಲ್ಲ ತಾಯಿ, ಆ ತಂಬಿ ತಾವ್ಕೆ ಓಗ್ತಾ ಇದ್ದೀವಿ. ಈಗ ಅವ್ನೂ ನಮ್ ಬಾಸೇಲೇ ಕೇಳ್ತಾನೆ."

ಡಾಕ್ಟರಿಂದ ರೋಗಿಗೆ ಆದ ನಷ್ಟಕ್ಕೆ ಕೋರ್ಟಿದೆ ಸರಿ, ಡಾಕ್ಟರಿಂದ ಡಾಕ್ಟರಿಗೆ ಆದ ನಷ್ಟಕ್ಕೆ, ಅದೂ ನಾನೇ ಒಪ್ಪಿ ಕೊಟ್ಟ ಕನ್ನಡಕ್ಕೆ, ಎಲ್ಲಿ ಹಾಕಲಿ ಕೇಸು?