ತಂಬಿಗೆ ಹಿಡಿದು ಬಂದವರು

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲನೆಯವಳು ನಾನು. ಗಂಡಸರನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ. ಹೊಳಗುಂದದ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಆಂಧ್ರದ ಆದವಾನಿಯ ಅಂಚಿನ ಓಣಿಯಲ್ಲಿ ನೆಲೆ ನಿಂತ ಮನೆ ನಮ್ಮದು. ಕುರಿಗಳ ಸದ್ದಿನ ನಡುವೆಯೇ ಓದಿದೆ. ರಿಸಲ್ಟ್ ಬಂದ ದಿನ ಅಪ್ಪ ಹೇಳಿದ್ದು ಇಷ್ಟೇ: "ಓಣಿಗೆಲ್ಲಾ ಊಟ ಹಾಕ್ಸೂಣು. ನಿಮ್ಮ ಕಾಲೇಜಿನೋರ್ನೂ ಕರಿ. ಆದ್ರ ನನ್ನ ಅಂಗಳದಾಗ ಪ್ಲಾಸ್ಟಿಕ್ ಬರಬಾರ್ದು ನೋಡವಾ."

ಅದಕ್ಕೆ ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಓಣಿಯ ಒಂದು ಮನೆಯಲ್ಲಿ ನಿಶ್ಚಿತಾರ್ಥವಾಗಿತ್ತು. ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಚೀಲ ಆಗಿನ್ನೂ ಊರಿಗೆ ಹೊಸದು. ಬೀಗರ ಮುಂದೆ ಅದೇ ದೊಡ್ಡಸ್ತಿಕೆ. ಊಟವಾದ ಮೇಲೆ ಎಲ್ಲವೂ ಚರಂಡಿ ಪಾಲು. ಸಿಹಿ ಮೆತ್ತಿಕೊಂಡಿದ್ದ ಚೀಲಗಳನ್ನು ನಮ್ಮ ಗಬ್ಬದ ಕುರಿಯೊಂದು ತಿಂದು, ಹೊಟ್ಟೆ ಉಬ್ಬಿ ಸತ್ತುಹೋಯಿತು. ಅಪ್ಪ ಅದರ ಹೊಟ್ಟೆ ಸೀಳಿ ಒಳಗಿದ್ದುದನ್ನು ನೋಡಿದ. ಅವತ್ತು ಅವನು ಉಣ್ಣಲಿಲ್ಲ.

ಎಲೆಗೆ ಚಿಂತೆಯಿರಲಿಲ್ಲ. ಅವ್ವ, ಅಕ್ಕ, ನಾನು ಕೂತು ಮುತ್ತಲ ಎಲೆಗಳನ್ನು ಜೋಳದ ದಂಟಿನ ಸೀಳಿನಿಂದ ಹಚ್ಚಿದೆವು. ತೊಡಕಾದದ್ದು ನೀರಿಗೆ. ಅಷ್ಟು ಜನಕ್ಕೆ ಲೋಟ ಎಲ್ಲಿಂದ ಬರಬೇಕು?

"ನಮ್ಮ ಊರಾಗ ಊಟಕ್ಕ ಬರೋರು ತಮ್ಮ ತಂಬಿಗಿ ತಾವ ತರ್ತಿದ್ರಲ್ಲ," ಎಂದಳು ಅವ್ವ. "ಇಲ್ಲೂ ಹಂಗ ಹೇಳಿದ್ರಾತು."

ನನಗೆ ಸರಿಯೆನಿಸಿತು. ಆದರೆ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಭಾವ, ಅಕ್ಕನ ಗಂಡ, ಬಿದ್ದು ಬಿದ್ದು ನಕ್ಕ. "ಏನವಾ ಬಿ.ಎ., ಸಂಜಿ ಹೊತ್ತಿನಾಗ ತಂಬಿಗಿ ಹಿಡ್ಕೊಂಡು ಬರ್ರಿ ಅಂತ ಕರೀತೀಯಲ್ಲ, ಜನ ಏನಂತ ತಿಳ್ಕೊಬೇಕು? ಊಟಕ್ಕೋ, ಬಯಲಕಡಿಗೋ?"

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನ್ನ ಮುಖ ಉರಿಯಿತು.

"ಬರ್ತಾರ ನೋಡ್ರಿ," ಎಂದೆ.

"ಬರದಿದ್ರ? ಬಳ್ಳಾರಿಯಿಂದ ಪ್ಲಾಸ್ಟಿಕ್ ಲೋಟದ ಕಟ್ಟು ತಂದಿಟ್ಟೀನಿ. ದೀಪ ಹಚ್ಚೂತನ ಕಾಯ್ತೀನಿ. ಬರೇ ಕೈಲಿ ಬಂದ್ರಂದ್ರ ಕಟ್ಟು ಬಿಚ್ಚಾಂವ ನಾ. ಮಾವನ ಮಾತೂ ಕೇಳಾಂಗಿಲ್ಲ."

ಅಪ್ಪ ನನ್ನ ಮುಖ ನೋಡಿದ. ನಾನು ಹೂಂ ಅಂದುಬಿಟ್ಟೆ.

ಕರೆಯಲು ಮನೆಮನೆಗೆ ನಾನೇ ಹೋದೆ. ಪಕ್ಕದ ಮನೆಯ ತೆಲುಗಿನ ಅಕ್ಕ, "ಏಮಮ್ಮಾ, ಚೆಂಬು ಪಟ್ಟುಕೊನಿ ರಾವಾಲಾ?" ಎಂದು ಕೇಳಿ, ನಗು ತಡೆಯಲಾರದೆ ಬಾಗಿಲು ಹಿಡಿದು ನಿಂತಳು. "ಹೌದಕ್ಕಾ, ಚೆಂಬೇ ತರಬೇಕು," ಎಂದೆ. ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದ ಮೇಷ್ಟ್ರಿಗೆ ಹೇಳುವಾಗ ಮಾತ್ರ ನಾಲಿಗೆ ತಡವರಿಸಿತು. ಅವರು ಮಡಿವಂತರ ಮನೆಯವರು. ಹೊರಗೆ ಎಲ್ಲಿಯೂ ನೀರು ಮುಟ್ಟುತ್ತಿರಲಿಲ್ಲ. ಮನೆಯಿಂದ ತುಂಬಿಸಿ ತಂದ ಹಿತ್ತಾಳೆ ತಂಬಿಗೆ ಸ್ಟಾಫ್ ರೂಮಿನ ಕಿಟಕಿಯಲ್ಲಿ ದಿನವೂ ಇರುತ್ತಿತ್ತು. ಹುಡುಗರು ಅದನ್ನು ನೋಡಿ ಕಿಸಿಕಿಸಿ ನಗುತ್ತಿದ್ದರು. ನನ್ನ ಮಾತನ್ನೆಲ್ಲ ಕೇಳಿ ಅವರು, "ಆಗ್ಲಮ್ಮಾ," ಎಂದರು, ಅಷ್ಟೇ.

ಆ ಸಂಜೆ ಅಂಗಳ ಸಾರಿಸಿ, ಎರಡು ದೊಡ್ಡ ಹರವಿಗಳಲ್ಲಿ ನೀರು ತುಂಬಿಟ್ಟೆವು. ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ತಯಾರು. ಹೊತ್ತು ಇಳಿಯಿತು. ಯಾರೂ ಬರಲಿಲ್ಲ. ಬಾಗಿಲುಗಳಲ್ಲಿ ಜನ ನಿಂತಿದ್ದರು, ನಿಜ. ಆದರೆ ತಂಬಿಗೆ ಹಿಡಿದು ಮೊದಲು ಓಣಿಗಿಳಿಯುವವರು ಯಾರು? ಪಕ್ಕದ ಮನೆಯ ಅಕ್ಕ ತನ್ನ ಚೆಂಬನ್ನು ಸೆರಗಿನೊಳಗೆ ಮುಚ್ಚಿಕೊಂಡು, ಒಂದು ಕಾಲು ಹೊಸ್ತಿಲಾಚೆ, ಇನ್ನೊಂದು ಈಚೆ ಇಟ್ಟು ನಿಂತಿದ್ದಳು. ಭಾವ ಮಂಚದ ಕೆಳಗಿನಿಂದ ಕಟ್ಟು ಎಳೆದುಕೊಂಡ. ಅವ್ವ ದೀಪದ ಬತ್ತಿ ಹೊಸೆಯುತ್ತ, ಬೇಕೆಂದೇ ತಡ ಮಾಡುತ್ತಿದ್ದಳು.

ಆಗ ಓಣಿಯ ತುದಿಯಲ್ಲಿ ಬಿಳಿ ಪಂಚೆ ಕಂಡಿತು. ಮೇಷ್ಟ್ರು ನಡುದಾರಿಯಲ್ಲಿ, ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ತಂಬಿಗೆಯನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು, ಗತ್ತಿನಿಂದ ನಡೆದು ಬರುತ್ತಿದ್ದರು. ಬಾಗಿಲುಗಳಲ್ಲಿದ್ದ ಜನರನ್ನು ನೋಡಿ, "ಯಾಕ್ರೀ ನಿಂತೀರಿ? ಹೋಳಿಗಿ ಆರ್ತಾವ, ಬರ್ರಿ," ಎಂದರು.

ಇಡೀ ಓಣಿ ಅವರ ಹಿಂದೆ ಇಳಿಯಿತು. ತಾಮ್ರ, ಹಿತ್ತಾಳೆ, ಸ್ಟೀಲು, ಸೊಟ್ಟಗಾದ ಅಲ್ಯುಮಿನಿಯಂ. ಹುಡುಗರಂತೂ ತಂಬಿಗೆ ಬಡಿಯುತ್ತಲೇ ಬಂದರು. ಪಕ್ಕದ ಮನೆಯ ಅಕ್ಕ ಚೆಂಬನ್ನು ಸೆರಗಿನಿಂದ ಹೊರಗೆ ತೆಗೆದು ಸೊಂಟಕ್ಕಿಟ್ಟಳು. ನನ್ನ ಎದೆ ಉಬ್ಬಿತು, ಬಿ.ಎ. ಪಾಸಾದ ದಿನಕ್ಕಿಂತ ಹೆಚ್ಚಾಗಿ.

ಮೇಷ್ಟ್ರು ಹಣ್ಣು ಮಾತ್ರ ತಗೊಂಡಾರು ಎಂದುಕೊಂಡಿದ್ದೆ. ಅವರು ಎಲೆಯ ಮುಂದೆ ಕೂತರು. ಅವ್ವ ದೂರ ನಿಂತಳು. ಅವರು ತಂಬಿಗೆಯನ್ನು ಅವಳ ಕಡೆ ಚಾಚಿದರು. ಅದು ಖಾಲಿ ಇತ್ತು.

"ತುಂಬ್ಸಮ್ಮಾ," ಎಂದರು. "ಎಲ್ಲಿ ಹೋದ್ರೂ ಇದನ್ನ ಹಿಡ್ಕೊಂಡು ಬರಾಂವ ನಾನೊಬ್ಬನ ಇರ್ತಿದ್ದೆ. ಇವತ್ತ ಎಲ್ಲಾರೂ ನನ್ನಂಗ ಬಂದಾರ. ಇನ್ನ ಮನಿ ನೀರು ಹೊತ್ಕೊಂಡು ಬರೂದೇನೈತಿ?"

ಅವ್ವ ಹರವಿಯಿಂದ ನೀರು ಮೊಗೆದು, ಒಂದು ಹನಿ ಚೆಲ್ಲದೆ ತುಂಬಿದಳು. ಅವರು ತಂಬಿಗೆಯೆತ್ತಿ ಗಟಗಟ ಕುಡಿದರು. ಅಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ.

ಕೈ ತೊಳೆದ ನೀರು ನುಗ್ಗೆಗಿಡದ ಬುಡಕ್ಕೆ ಹೋಯಿತು. ಮರುದಿನ ಬೆಳಗ್ಗೆ ಅಪ್ಪ ಹಟ್ಟಿಯ ಬಾಗಿಲು ತೆರೆದ. ಜನ ಉಂಡು ಬಿಟ್ಟ ಎಲೆಗಳನ್ನು ಕುರಿಗಳು ದಂಟಿನ ಸೀಳಿನ ಸಮೇತ ಕರಕರ ತಿಂದು, ಅಂಗಳವನ್ನೂ ಓಣಿಯನ್ನೂ ಸ್ವಚ್ಛ ಮಾಡಿದವು. ಅಪ್ಪ ಅವುಗಳನ್ನು ತಡೆಯಲಿಲ್ಲ. ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ನೋಡುತ್ತ ಕೂತ.

ಭಾವ ಬಿಚ್ಚದ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಹೊರಟ. "ಭಾವಾ, ತಂಬಿಗಿ ಬಿಟ್ಟು ಹೋಗಬ್ಯಾಡ್ರಿ," ಎಂದು ಕೂಗಿದೆ. ತಿರುಗಿ ನೋಡಲಿಲ್ಲ. ಆದರೆ ಅವನ ಮಗಳ ತೊಟ್ಟಿಲ ಕಾರ್ಯಕ್ಕೆ ಮಿಲ್ಲಿನವರನ್ನೆಲ್ಲ ಕರೆಯುವಾಗ, ನನ್ನ ಎದುರಿಗೇ, ತನ್ನದೇ ಉಪಾಯ ಎಂಬಂತೆ ಅವನು ಹೇಳುತ್ತಿದ್ದ: "ತಂಬಿಗಿ ಮರೀಬ್ಯಾಡ್ರಿ. ನಮ್ಮ ಮನ್ಯಾಗ ಹಿಂಗಾ ಐತಿ ಪದ್ಧತಿ!"