ನನ್ನ ಕವಿತೆಯ ಸೂರ್ಯ

ಬಸ್ರೂರಿನ ಶಾಲೆಯ ಕೋಣೆಯೊಂದರಲ್ಲಿ ತಿಂಗಳಿಗೊಮ್ಮೆ, ಶನಿವಾರ ಸಂಜೆ, ನಾವು ಹತ್ತಿಪ್ಪತ್ತು ಜನ ಸೇರಿ ಮೆಚ್ಚಿನ ಕವಿತೆ ಓದುತ್ತಿದ್ದೆವು. ಮೊಬೈಲು ಆಗಷ್ಟೇ ಊರಿಗೆ ಕಾಲಿಟ್ಟಿದ್ದ ಕಾಲ. ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರೊಬ್ಬರು. ಅವರದು ಒಂದೇ ಕಟ್ಟಪ್ಪಣೆ: ಸ್ವಂತದ್ದು ಓದುವ ಹಾಗಿಲ್ಲ. ಮೊದಮೊದಲು ಎಲ್ಲರೂ ತಮ್ಮ ತಮ್ಮದೇ ಓದಿ, ಬೇರೆಯವರ ಸರದಿ ಬಂದಾಗ ಬಸ್ಸಿನ ನೆಪ ಹೇಳಿ ಎದ್ದುಹೋಗುತ್ತಿದ್ದರಂತೆ.

ನನ್ನದು ಬಟ್ಟೆ ಅಂಗಡಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಬಿಲ್ ಪುಸ್ತಕದ ಬೆನ್ನಿಗೆ ಕವಿತೆ ಗೀಚುವ ಚಟ. ಮನೆಯಲ್ಲಿ ಓದಿದರೆ ಹೆಂಡತಿ ಅರ್ಧ ಕೇಳುವ ಮೊದಲೇ "ಚಂದ ಇತ್ತ್" ಎಂದು ಒಗ್ಗರಣೆಗೆ ಎದ್ದುಹೋಗುವಳು. ಅಂಗಡಿಗೆ ಬರುವವರು ಸೀರೆಯ ರೇಟು ಇಳಿದೀತೆಂದು ಹೊಗಳುವರು. ನನ್ನ ಮುಖ ನೋಡದೆ ಒಬ್ಬರಾದರೂ ಮೆಚ್ಚಬೇಕು, ಅಷ್ಟೇ ನನ್ನ ಆಸೆ. ಅದಕ್ಕೇ ಒಂದು ಶನಿವಾರ, "ಬರೆದವರು ಯಾರೋ ಗೊತ್ತಿಲ್ಲ, ಹಳೇ ಪತ್ರಿಕೆಯಲ್ಲಿ ಸಿಕ್ಕಿತು" ಎಂದು ಸುಳ್ಳು ಹೇಳಿ ನನ್ನದನ್ನೇ ಓದಿದೆ.

"ಕಡಲ ಮಡಿಲಿಂದ ಮೂಡುವ ಬೆಳಗೇ, ಒಂದಿಷ್ಟು ನಿಲ್ಲು ನಮ್ಮೂರ ಒಳಗೆ."

ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ನಾನು ಒಳಗೊಳಗೇ ಉಬ್ಬಿಹೋದೆ. ಆಗ ಹಿಂದಿನ ಬೆಂಚಿನಿಂದ ಮಾತು ಬಂತು. ಗಂಗೊಳ್ಳಿ ಕಡೆಯಿಂದ ಬಂದು ಮನೆಮನೆಗೆ ಮೀನು ಮಾರುವ ಅಮ್ಮ ಅವರು. ಖಾಲಿ ಬುಟ್ಟಿ ಜಗಲಿಯಲ್ಲಿಟ್ಟು, ಬಸ್ಸು ಬರುವ ತನಕ ಕೂತು ಕೇಳುತ್ತಿದ್ದರು.

"ಹ್ವಾಯ್, ನಮ್ ಬದಿಯಂಗೆ ಸೂರ್ಯ ಕಡಲಂಗೆ ಮುಳ್ಗುದಲ್ದಾ? ನಾ ದಿನಾ ಕಾಂತೆ. ಹುಟ್ಟುದ್ ಘಟ್ಟದ್ ಬದಿಯಂಗೆ."

ಕೋಣೆಯೇ ನಕ್ಕಿತು. ಹೌದಲ್ಲ ಮಾರಾಯ್ರೆ, ಹುಟ್ಟಿದಾರಭ್ಯ ನೋಡಿದ ಸೂರ್ಯನನ್ನು ಬಿಟ್ಟು, ಪುಸ್ತಕದಲ್ಲಿ ಓದಿದ ಯಾವುದೋ ಊರಿನ ಸೂರ್ಯನನ್ನು ತಂದು ಕೂರಿಸಿದ್ದೆ. ಆದರೆ ಒಪ್ಪಿಕೊಳ್ಳಲು ಮೂಗಿನ ತುದಿಯ ಕೋಪ ಬಿಡಬೇಕಲ್ಲ. "ಕವಿತೆ ಓದುಕೆ ದಿಕ್ಸೂಚಿ ಹಿಡ್ಕಂಡ್ ಕೂಕಣ್ಕಾ?" ಎಂದು ಹಾರಾಡಿದೆ. ಅವರು ತಣ್ಣಗೆ, "ಅದೊಂದ್ ಸಾಲ್ ಬಿಟ್ರೆ ಚಂದ ಇತ್ತ್. ಆ ಚೀಟಿ ಕೊಡಿ ಕಾಂಬ" ಎಂದರು. ಕೊಟ್ಟೆ. ಮೀನು ಸುತ್ತಲಿಕ್ಕಿರಬೇಕು ಎಂದುಕೊಂಡೆ.

ಮುಂದಿನ ತಿಂಗಳು ಅವರೇ ಎದ್ದು ನಿಂತರು. ಚೀಟಿ ನೋಡದೆ ಇಡೀ ಕವಿತೆಯನ್ನು ಬಾಯಿಪಾಠ ಹೇಳಿದರು.

"ಘಟ್ಟದ ಮಂಡೆಯಿಂದ ಇಳಿಯುವ ಬೆಳಗೇ..."

ನನ್ನ ಸಾಲಿಗಿಂತ ಚೆಂದವಿತ್ತು. ಹೊಟ್ಟೆಯೂ ಉರಿಯಿತು, ಕಣ್ಣೂ ತುಂಬಿತು. ಎಲ್ಲ ಮುಗಿದ ಮೇಲೆ ಜಗಲಿಯಲ್ಲಿ ಅವರ ಬುಟ್ಟಿ ಎತ್ತಿಕೊಡುತ್ತಾ, "ಬರ್ದದ್ ನಾನೇ" ಎಂದೆ.

"ಅವತ್ತೇ ಗೊತ್ತಾಯ್ತ್. ಬೇರೆಯವ್ರ್ ಬರ್ದದ್ದಾರೆ ನಿಮ್ಗ್ ಅಷ್ಟ್ ಸಿಟ್ಟ್ ಬತ್ತಿತ್ತಾ?"

ಹಾಗಾದರೆ ಇದೂ ಮುಖ ನೋಡಿ ಮೆಚ್ಚಿದ್ದೇ? ಕೇಳಿಯೇ ಬಿಟ್ಟೆ.

ಅವರು ಬುಟ್ಟಿಯನ್ನು ಸೊಂಟಕ್ಕೇರಿಸಿ ಬಸ್ಸಿಗೆ ಕೈ ತೋರಿಸಿದರು. "ಮುಖ ಕಂಡ್ ಹೊಗಳುದಾರೆ ಆ ಸಾಲ್ ನೀವ್ ಬರ್ದಾಂಗೇ ಹೇಳ್ತಿದ್ದೆ" ಎಂದರು.