ಸುಬೇದಾರರ ಭಾನುವಾರದ ಗುಂಡಿ

ಸೇನೆಯಿಂದ ನಿವೃತ್ತರಾಗಿ ದಿಲ್ಲಿ ಪಕ್ಕದ ಇಂದಿರಾಪುರಂನಲ್ಲಿ ಫ್ಲಾಟು ಕೊಂಡ ಸುಬೇದಾರ್ ಕುಟ್ಟಪ್ಪನವರ ಮನೆಯಲ್ಲಿ ದೇವರ ಪಟಕ್ಕಿಂತ ಮೊದಲು ಗೋಡೆ ಏರಿದ್ದು ಶಾಕ್ ತಪ್ಪಿಸುವ ಸ್ವಿಚ್ಚು, ಇಎಲ್‌ಸಿಬಿ. ಅದು ಬ್ಯಾರಕ್ಕಿನ ಕಾವಲುಗಾರನಿದ್ದಂತೆ ಎಂದು ಕೇಳಿದವರಿಗೆಲ್ಲ ವಿವರಿಸುತ್ತಿದ್ದರು. ಒಂದು ತಂತಿಯಲ್ಲಿ ಹೊರಟ ಕರೆಂಟೆಲ್ಲ ಇನ್ನೊಂದರಲ್ಲಿ ವಾಪಸ್ ಬಂತೇ ಎಂದು ನೋಡುತ್ತಿರುತ್ತದೆ. ಚೂರು ಕಮ್ಮಿಯಾದರೂ ಯಾರದೋ ಮೈ ಹಾದು ನೆಲಕ್ಕಿಳಿಯುತ್ತಿರಬಹುದೆಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮನೆಯ ಕರೆಂಟು ಕಡಿಯುತ್ತದೆ. ಆ ಕಾವಲುಗಾರ ನಿದ್ದೆ ಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪ್ರತಿ ಭಾನುವಾರ ಬೆಳಿಗ್ಗೆ ಅದರ ಟೆಸ್ಟ್ ಗುಂಡಿ ಒತ್ತುತ್ತಿದ್ದರು. ಟಿವಿ ಆರಿ, ಮಿಕ್ಸಿ ನಿಂತು, ಹೆಂಡತಿ ದೇಚಮ್ಮ ಬೈಯುವುದೂ ಆ ಪರೇಡಿನ ಭಾಗವೇ ಆಗಿತ್ತು.

2006ರ ಮೇ ತಿಂಗಳಲ್ಲಿ ಕುಟ್ಟಪ್ಪ ನೆಂಟರ ಮದುವೆಗೆಂದು ಮಡಿಕೇರಿಗೆ ಹೋದರು. ಇತ್ತ ಬಾಲ್ಕನಿಯ ಕೂಲರ್ ಹಾಕಿದಾಗಲೆಲ್ಲ ಕರೆಂಟು ಹೋಗತೊಡಗಿತು. ಒಂದು ದಿನ ದೇಚಮ್ಮ ಕರೋಲ್ ಬಾಗ್ ಸುತ್ತಿ ಬರುವಷ್ಟರಲ್ಲಿ ಫ್ರಿಜ್ಜಿನಲ್ಲಿದ್ದ ಪಂದಿಕರಿ ಹಳಸಿತ್ತು. ಪಂದಿಕರಿ ಕೆಟ್ಟರೆ ಕೊಡವತಿ ಸುಮ್ಮನಿರುತ್ತಾಳೆಯೇ? ಗೇಟಿನ ಬಳಿಯ ಎಲೆಕ್ಟ್ರಿಷಿಯನ್ ಭಯ್ಯಾನನ್ನು ಕರೆಸಿ, ಆ ಕಾವಲುಗಾರನೆಂಬ ಪೀಡೆಯನ್ನು ಬಿಟ್ಟು ಲೈನನ್ನು ನೇರ ಕೊಡಿಸಿಯೇಬಿಟ್ಟರು. ಕೂಲರ್ ತಿರುಗಿತು, ಮನೆ ತಂಪಾಯಿತು.

ಊರಿಂದ ಬಂದ ಭಾನುವಾರ ಕುಟ್ಟಪ್ಪ ಗುಂಡಿ ಒತ್ತಿದರು. ಫ್ಯಾನು ತಿರುಗುತ್ತಲೇ ಇತ್ತು. ಮತ್ತೆ ಒತ್ತಿದರು. ಬೋರ್ಡಿನ ಮುಚ್ಚಳ ತೆಗೆದು ನೋಡಿದರೆ ತಂತಿಗಳು ಕಾವಲುಗಾರನನ್ನು ಬಿಟ್ಟು ನೇರ ಹೋಗಿದ್ದವು. ಅಷ್ಟರಲ್ಲಿ ಪುಟ್ಟ ಮೊಮ್ಮಗಳು ಬೃಂದಾ ನೀರಿನ ಪೈಪು ಎಳೆದುಕೊಂಡು ಬಾಲ್ಕನಿಗೆ ಹೊರಟಳು. ಕೂಲರಿಗೆ ನೀರು ತುಂಬುವುದು ಅವಳ ಆಟ.

"ಅಜ್ಜ, ಕೂಲರ್ ಮುಟ್ಟಿದ್ರೆ ಕೈಯಲ್ಲಿ ಝುನ್‌ಝುನಿ ಹೋತೀ ಹೈ," ಎಂದಳು, ಕೈ ಜುಮ್ಮೆನ್ನುವುದನ್ನು ಹಿಂದಿಯಲ್ಲೇ ಹೇಳುತ್ತಾ.

ಕುಟ್ಟಪ್ಪ ಅವಳನ್ನು ಬಾಚಿ ಎತ್ತಿಕೊಂಡೇ ಮೇನ್ ಸ್ವಿಚ್ ಆರಿಸಿದರು. ತಂತಿಗಳನ್ನು ಮೊದಲಿನಂತೆ ಜೋಡಿಸಿ, ಕೂಲರ್ ಬಿಚ್ಚಿ ನೋಡಿದರೆ ಪಂಪಿನ ತಂತಿ ಸುಲಿದು ತಗಡಿಗೆ ತಾಗಿತ್ತು. ಇಷ್ಟು ದಿನ ಮಗುವನ್ನು ಉಳಿಸಿದ್ದು ಕಾಲಿನ ರಬ್ಬರ್ ಚಪ್ಪಲಿ. ಬೈಯಲು ಬಾಯಿ ತೆರೆದವರು ಬಾಗಿಲಲ್ಲಿ ನಿಂತ ದೇಚಮ್ಮನ ಬಿಳಿಚಿದ ಮುಖ ನೋಡಿ, ಸುಲಿದ ತಂತಿಗೆ ಟೇಪು ಸುತ್ತತೊಡಗಿದರು. ರಿಪೇರಿಯಾದ ಮೇಲೆ ಕೂಲರ್ ಹಾಕಿದರೆ ಕರೆಂಟು ಹೋಗಲಿಲ್ಲ.

ಮುಂದಿನ ಭಾನುವಾರ ಮನೆ ತುಂಬ ನೆಂಟರು, ಟಿವಿಯಲ್ಲಿ ಕ್ರಿಕೆಟ್, ಒಲೆಯ ಮೇಲೆ ಹೊಸ ಪಂದಿಕರಿ. ಬಂದವರಿಗೆ ತೊಂದರೆ ಬೇಡವೆಂದು ಕುಟ್ಟಪ್ಪ ಬೋರ್ಡಿನ ಕಡೆ ಹೋಗದೆ ಕೂತಿದ್ದರು. ಸೌಟು ಹಿಡಿದೇ ಬಂದ ದೇಚಮ್ಮ ಗುಂಡಿ ಒತ್ತಿದರು. ಟಿವಿ ಆರಿತು. ಎಲ್ಲರೂ ಗೊಣಗಿದರು.

"ಎರಡು ನಿಮಿಷ ಸೆಕೆ ತಡ್ಕೊಳ್ಳಿ. ಇದು ನಮ್ಮನೆಯವರು ಹಾಕಿಸಿದ ಕಾವಲು," ಎಂದರು ದೇಚಮ್ಮ.

ಇಡೀ ನೌಕರಿಯಲ್ಲಿ ಯಾವ ಸಾಹೇಬರ ಶಾಭಾಸ್‌ಗಿರಿಗೂ ಕುಟ್ಟಪ್ಪನವರ ಎದೆ ಇಷ್ಟು ಉಬ್ಬಿರಲಿಲ್ಲ. ಎದ್ದು ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ, ಸ್ವಿಚ್ಚನ್ನು ಮತ್ತೆ ಮೇಲಕ್ಕೆತ್ತಿದರು.